ಅರ್ಥವಿಲ್ಲದ ಹಾಡಿಗೂ ಒಂದು ಚರಿತ್ರೆ

ಮನೆಗೆ ಬಂದ ನೆಂಟರನ್ನು ‘ಕಾಫಿ-ಗೀಫಿ ಏನಾದರೂ ತಗೊಳ್ತೀರಾ?’ ಎಂದು ಕೇಳುವುದು ನಮ್ಮ ವಾಡಿಕೆ. ಕಾಫಿ ಏನೆಂದು ಎಲ್ಲರಿಗೂ ಗೊತ್ತು. ಆದರೆ ಗೀಫಿ ಎಂದರೇನು? ಕಿಟ್ಟೆಲರ ನಿಘಂಟನ್ನಾಗಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳನ್ನಾಗಲಿ ತಿರುವಿ ಹಾಕಿದರೂ ಆ ಪದ ಸಿಗುವುದಿಲ್ಲ. ಹಾಗೆಂದು ನೆಂಟರೇನೂ ಗೊಂದಲಕ್ಕೆ ಬೀಳುವುದಿಲ್ಲ. ಕಾಫಿ ಬೇಡವಾದರೆ ಚಹಾ, ಅದೂ ಬೇಡವಾದರೆ ಮಜ್ಜಿಗೆ, ಅಂತೂ ಏನೋ ಒಂದು ಸಿಕ್ಕೀತೆಂದು ಅವರಿಗೆ ತಿಳಿಯುತ್ತದೆ. ಅರ್ಥವೇ ಇಲ್ಲದ ಪದ ಇಷ್ಟೆಲ್ಲ ಅರ್ಥವನ್ನು ಹೊತ್ತು ತರುತ್ತದೆ.

ಇನ್ನೂ ಒಂದು ಸೋಜಿಗವುಂಟು. ಈ ಅರ್ಥಹೀನ ಪದಕ್ಕೂ ಕಟ್ಟುನಿಟ್ಟಾದ ನಿಯಮವಿದೆ. ಮೊದಲ ಅಕ್ಷರ ಹ್ರಸ್ವವಾದರೆ ‘ಗಿ’, ದೀರ್ಘವಾದರೆ ‘ಗೀ’. ಹಣ-ಗಿಣ, ಮದುವೆ-ಗಿದುವೆ, ಊಟ-ಗೀಟ, ಶಾಲೆ-ಗೀಲೆ. ಯಾವ ಮೇಷ್ಟರೂ ಇದನ್ನು ಪಾಠ ಮಾಡಿಲ್ಲ, ಆದರೆ ಮೂರು ವರ್ಷದ ಮಗುವೂ ತಪ್ಪು ಮಾಡುವುದಿಲ್ಲ. ತೆಲುಗರಲ್ಲೂ ‘ಗಿ’ಯೇ, ತಮಿಳರಲ್ಲಿ ‘ಕಿ’. ಮರಾಠಿಯವರು ‘ಬಿ’ ಹಚ್ಚುತ್ತಾರೆ. ಹಿಂದಿಯವರು ‘ಚಾಯ್-ವಾಯ್’ ಎಂದರೆ ಬಂಗಾಳಿಗಳು ನೀರಿಗೆ ‘ಜೊಲ್-ಟೊಲ್’ ಎನ್ನುತ್ತಾರೆ. ಇಡೀ ದೇಶವೇ ದಿನಕ್ಕೆ ನೂರು ಸಲ, ತನಗರಿವಿಲ್ಲದೆ, ಅಸಂಬದ್ಧ ಮಾತಾಡುತ್ತದೆ.

ಇಂಥ ಗೀಫಿಗಳನ್ನೇ ಬಂಡವಾಳ ಮಾಡಿಕೊಂಡು ಬೆಳೆದ ಸಾಹಿತ್ಯವೊಂದಿದೆ. ಇಂಗ್ಲಿಷಿನಲ್ಲಿ ಅದನ್ನು ‘ನಾನ್‌ಸೆನ್ಸ್’ ಪದ್ಯ ಎನ್ನುತ್ತಾರೆ. ಮಕ್ಕಳಿಗಾಗಿ ಬರೆದದ್ದು, ನೀತಿಯಿಲ್ಲದ್ದು, ತಲೆಬುಡವಿಲ್ಲದ್ದು ಎಂಬ ಕಾರಣಕ್ಕೆ ಪಂಡಿತರ ಪಂಕ್ತಿಯಲ್ಲಿ ಅದಕ್ಕೆ ಎಲೆ ಹಾಕುವವರು ಕಡಿಮೆ. ಆದರೆ ಅದರ ಚರಿತ್ರೆಯಲ್ಲಿ ಗಣಿತದ ಅಧ್ಯಾಪಕರಿದ್ದಾರೆ, ಮುದ್ರಣ ತಂತ್ರಜ್ಞರಿದ್ದಾರೆ, ಸರ್ಕಾರದ ಕೋಪಕ್ಕೆ ಸಿಕ್ಕಿ ಸೆರೆಮನೆಯಲ್ಲಿ ಸತ್ತ ಕವಿಗಳೂ ಇದ್ದಾರೆ.

ಉಪದೇಶದಿಂದ ಬಿಡುಗಡೆ

ಮಕ್ಕಳ ಪದ್ಯವೆಂದರೆ ಉಪದೇಶವೆಂದೇ ಬಹುಕಾಲ ತಿಳಿಯಲಾಗಿತ್ತು. ಇಂಗ್ಲೆಂಡಿನಲ್ಲಿ ಐಸಾಕ್ ವಾಟ್ಸ್ ಎಂಬ ಪಾದ್ರಿ 1715ರಲ್ಲಿ ಮಕ್ಕಳಿಗಾಗಿ ಒಂದು ಪದ್ಯಸಂಗ್ರಹ ತಂದ. ಜೇನುನೊಣದಂತೆ ದುಡಿಯಿರಿ, ಸೋಮಾರಿಯ ಕೈಗೆ ಸೈತಾನ ಕೆಲಸ ಕೊಡುತ್ತಾನೆ ಎಂಬುದು ಅದರ ಧಾಟಿ. ಒಂದೂವರೆ ಶತಮಾನ ಕಾಲ ಅಲ್ಲಿನ ಮಕ್ಕಳು ಅದನ್ನು ಉರುಹೊಡೆದರು. ಬಂಗಾಳದಲ್ಲಿ ಈಶ್ವರಚಂದ್ರ ವಿದ್ಯಾಸಾಗರರು 1855ರಲ್ಲಿ ಬರೆದ ‘ವರ್ಣಪರಿಚಯ’ದಲ್ಲೂ ಗೋಪಾಲನೆಂಬ ಒಳ್ಳೆಯ ಹುಡುಗ, ರಾಖಾಲನೆಂಬ ಕೆಟ್ಟ ಹುಡುಗ ಇದ್ದರು. ಮಗು ಎಂದರೆ ತಿದ್ದಬೇಕಾದ ವಸ್ತು, ಪದ್ಯವೆಂದರೆ ತಿದ್ದುವ ಬೆತ್ತ ಎಂಬ ಭಾವನೆ ಎರಡೂ ಕಡೆ ಇತ್ತು.

ಈ ಬೆತ್ತವನ್ನು ಮೊದಲು ಕಸಿದವನು ಎಡ್ವರ್ಡ್ ಲಿಯರ್. 1812ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆತ ಇಪ್ಪತ್ತೊಂದು ಮಕ್ಕಳಲ್ಲಿ ಇಪ್ಪತ್ತನೆಯವನು. ಬಾಲ್ಯದಿಂದಲೇ ಮೂರ್ಛೆರೋಗ, ಜೀವನವಿಡೀ ಅದನ್ನು ಬಚ್ಚಿಟ್ಟುಕೊಂಡು ಬದುಕಿದ. ಸಾಕಿ ಬೆಳೆಸಿದವಳು ಅಕ್ಕ. ಹೊಟ್ಟೆಪಾಡಿಗೆ ಪಕ್ಷಿಗಳ ಚಿತ್ರ ಬರೆಯತೊಡಗಿದ ಹುಡುಗ ಇಪ್ಪತ್ತರ ಹೊತ್ತಿಗೆ ಗಿಳಿಗಳ ಮೇಲಿನ ಒಂದು ಸೊಗಸಾದ ಗ್ರಂಥಕ್ಕೆ ಕರ್ತೃವಾಗಿದ್ದ. ಅದನ್ನು ನೋಡಿ ಡರ್ಬಿಯ ಶ್ರೀಮಂತನೊಬ್ಬ ತನ್ನ ಖಾಸಗಿ ಮೃಗಾಲಯದ ಪ್ರಾಣಿಗಳ ಚಿತ್ರ ಬರೆಯಲು ಕರೆಸಿಕೊಂಡ. ಅಲ್ಲಿನ ದೊಡ್ಡವರ ಗಂಭೀರ ಊಟದ ಮೇಜಿಗಿಂತ ಮಕ್ಕಳ ಕೋಣೆಯೇ ಲಿಯರ್‌ಗೆ ಹಿಡಿಸಿತು. ಆ ಮಕ್ಕಳಿಗೆಂದು ಗೀಚಿದ ಚಿತ್ರ ಮತ್ತು ಪದ್ಯಗಳೇ 1846ರಲ್ಲಿ ‘ಎ ಬುಕ್ ಆಫ್ ನಾನ್‌ಸೆನ್ಸ್’ ಎಂಬ ಪುಸ್ತಕವಾದವು. ಅದರ ಮೇಲೆ ತನ್ನ ಹೆಸರು ಹಾಕಿಕೊಳ್ಳಲು ಆತನಿಗೆ ಧೈರ್ಯವಿರಲಿಲ್ಲ, ಗುಪ್ತನಾಮ ಹಾಕಿದ. ಅದೇ ವರ್ಷ ಆತ ವಿಕ್ಟೋರಿಯಾ ರಾಣಿಗೆ ಚಿತ್ರಕಲೆಯ ಪಾಠ ಹೇಳಿದ್ದ!

ಆ ಪದ್ಯಗಳ ಅಚ್ಚು ಈಗ ಲಿಮರಿಕ್ ಎಂದು ಪ್ರಸಿದ್ಧವಾಗಿದೆ. ಐದು ಸಾಲು, ಒಂದು, ಎರಡು, ಐದನೆಯ ಸಾಲಿಗೆ ಒಂದು ಪ್ರಾಸ, ನಡುವಿನ ಎರಡು ಚಿಕ್ಕ ಸಾಲಿಗೆ ಇನ್ನೊಂದು. ಈ ಅಚ್ಚನ್ನು ಲಿಯರ್ ಹೊಸದಾಗಿ ಮಾಡಿದ್ದಲ್ಲ, 1820ರ ಸುಮಾರಿನ ಮಕ್ಕಳ ಪುಸ್ತಕಗಳಲ್ಲೇ ಅದಿತ್ತು. ಅದಕ್ಕೆ ಲಿಮರಿಕ್ ಎಂಬ ಹೆಸರು ರೂಢಿಗೆ ಬಂದದ್ದು 1888ರಲ್ಲಿ ಆತ ತೀರಿಕೊಂಡ ಮೇಲೆ. ಲಿಯರ್ ಅದಕ್ಕೆ ತುಂಬಿದ್ದು ಜನರನ್ನು. ಗಡ್ಡದಲ್ಲಿ ಹಕ್ಕಿ ಗೂಡು ಕಟ್ಟಿಸಿಕೊಂಡವರು, ಮೂಗು ನೆಲಕ್ಕೆ ತಾಗುವವರು, ಮರದ ಮೇಲೆ ಕುಳಿತು ಇಳಿಯದವರು ಅಲ್ಲಿ ಸಾಲುಗಟ್ಟಿ ಬರುತ್ತಾರೆ. ಅವರ ಎದುರಿಗೆ ಯಾವಾಗಲೂ ‘ಅವರು’ ಎಂಬ ಒಂದು ಗುಂಪು ನಿಂತಿರುತ್ತದೆ. ಪ್ರಶ್ನೆ ಕೇಳುವವರು, ಬುದ್ಧಿ ಹೇಳುವವರು, ಕೆಲವೊಮ್ಮೆ ಹೊಡೆಯುವವರು. ವಿಚಿತ್ರ ಮನುಷ್ಯನನ್ನು ಲೋಕ ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ರೋಗವನ್ನು ಮುಚ್ಚಿಟ್ಟುಕೊಂಡ ಲಿಯರ್‌ಗೆ ಚೆನ್ನಾಗಿ ಗೊತ್ತಿತ್ತು. ನಗುವ ಮಕ್ಕಳಿಗೂ ಅದು ಗೊತ್ತು. ಅವರಿಗೂ ದಿನವಿಡೀ ಬುದ್ಧಿ ಹೇಳುವ ‘ಅವರು’ ಇದ್ದೇ ಇರುತ್ತಾರಲ್ಲ!

ಇದೇ ಲಿಯರ್ ವೈಸರಾಯ್ ಲಾರ್ಡ್ ನಾರ್ತ್‌ಬ್ರೂಕ್‌ನ ಆಹ್ವಾನದ ಮೇಲೆ 1873ರ ಕೊನೆಯಲ್ಲಿ ಭಾರತಕ್ಕೆ ಬಂದು ವರ್ಷಕ್ಕೂ ಹೆಚ್ಚು ಕಾಲ ಸುತ್ತಾಡಿದ. ಡಾರ್ಜಿಲಿಂಗ್‌ನಿಂದ ಮಲಬಾರಿನವರೆಗೆ ದೃಶ್ಯಚಿತ್ರಗಳನ್ನು ಬರೆದ. ದಕ್ಷಿಣದ ಸುತ್ತಾಟದಲ್ಲಿ ಬೆಂಗಳೂರನ್ನೂ ನೋಡಿ ಹೋದ. ಇಲ್ಲಿನ ಮಾತುಗಳು ಕಿವಿಗೆ ಬಿದ್ದದ್ದೇ ತಡ, ಆತನೊಳಗಿನ ತುಂಟ ಎಚ್ಚರಗೊಂಡ. 1874ರಲ್ಲಿ ಮುಂಬಯಿಯ ಪತ್ರಿಕೆಯೊಂದರಲ್ಲಿ ‘ಕಮರ್‌ಬಂದ್’ ಎಂಬ ಪದ್ಯ ಅಚ್ಚಾಯಿತು. ಸೊಂಟಕ್ಕೆ ಸುತ್ತುವ ಬಟ್ಟೆ ಅದರಲ್ಲಿ ಮನುಷ್ಯರನ್ನು ನುಂಗುವ ಘೋರ ಪ್ರಾಣಿಯಾಗಿದೆ. ಧೋಬಿ, ನಾಲಾ, ಪಂಖಾ ಮೊದಲಾದ ಪದಗಳೆಲ್ಲ ತಮ್ಮ ಅರ್ಥ ಕಳೆದುಕೊಂಡು ಹೂವೋ ಹಕ್ಕಿಯೋ ಆಗಿಬಿಟ್ಟಿವೆ. ಲಂಡನ್ನಿನ ಓದುಗನಿಗೆ ಅದು ಯಾವುದೋ ಕಾಡಿನ ಭೀಕರ ಕಥೆ, ಮುಂಬಯಿಯ ಓದುಗನಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಅಸಂಬದ್ಧ ಪದ್ಯದ ರುಚಿ ಭಾಷೆಯನ್ನು ಬಲ್ಲವನಿಗೆ ಹೆಚ್ಚು ಎಂಬ ಮಾತಿಗೆ ಇದೇ ಸಾಕ್ಷಿ.

ಗಿರಟೆಯ ಮೇಲಿನ ತೊಪಿಲೆಗಳು

ಲಿಯರ್ ನಂತರ ಬಂದವನು ಲೂಯಿಸ್ ಕ್ಯಾರಲ್. ನಿಜನಾಮ ಚಾರ್ಲ್ಸ್ ಡಾಡ್ಜ್‌ಸನ್; ಆಕ್ಸ್‌ಫರ್ಡಿನಲ್ಲಿ ಗಣಿತದ ಅಧ್ಯಾಪಕ. 1862ರ ಜುಲೈ 4ರಂದು ದೋಣಿವಿಹಾರದಲ್ಲಿ ಮೂವರು ಹುಡುಗಿಯರಿಗೆ ಹೇಳಿದ ಕಥೆ 1865ರಲ್ಲಿ ‘ಆಲಿಸ್’ ಪುಸ್ತಕವಾಯಿತು. ವಾಟ್ಸನ ದುಡಿಯುವ ಜೇನುನೊಣ ಅದರಲ್ಲಿ ಬಾಯಗಲಿಸಿ ಮೀನುಗಳನ್ನು ಸ್ವಾಗತಿಸುವ ಮೊಸಳೆಯಾಗಿದೆ. ನೀತಿಪದ್ಯವನ್ನು ಉರುಹೊಡೆದು ಬೇಸತ್ತಿದ್ದ ಒಂದು ಪೀಳಿಗೆಗೆ ಇದಕ್ಕಿಂತ ದೊಡ್ಡ ಸೇಡು ಬೇಕಿರಲಿಲ್ಲ.

ಕ್ಯಾರಲ್‌ನ ದೊಡ್ಡ ಸಾಹಸವೆಂದರೆ ‘ಜಬ್ಬರ್‌ವಾಕಿ’. ಅದರ ಮೊದಲ ಪದ್ಯವನ್ನು ಆತ 1855ರಲ್ಲೇ ಬರೆದಿದ್ದ. ಅದರಲ್ಲಿನ ನಾಮಪದ, ಕ್ರಿಯಾಪದ, ಗುಣವಾಚಕಗಳಲ್ಲಿ ಬಹುಪಾಲು ಯಾವ ನಿಘಂಟಿನಲ್ಲೂ ಇರಲಿಲ್ಲ. ಆದರೂ ಓದಿದವರಿಗೆ ಏನೋ ನಡೆಯುತ್ತಿದೆ ಎಂದು ಅನಿಸುತ್ತದೆ. ಏಕೆ? ಕನ್ನಡದಲ್ಲೇ ಒಂದು ಪ್ರಯೋಗ ಮಾಡಿ ನೋಡೋಣ.

‘ಗಿರಟೆಯ ಮೇಲೆ ಮೂರು ತೊಪಿಲೆಗಳು ಬಿಳುಂಕುತ್ತಿದ್ದವು.’

ಗಿರಟೆ ಏನೋ, ತೊಪಿಲೆ ಏನೋ ಯಾರಿಗೂ ಗೊತ್ತಿಲ್ಲ. ಆದರೆ ತೊಪಿಲೆಗಳು ಮೂರು, ಅವು ಗಿರಟೆಯ ಮೇಲಿವೆ, ಅವು ಮನುಷ್ಯರಲ್ಲ, ಬಿಳುಂಕುವ ಕೆಲಸ ಹಿಂದೆ ಸ್ವಲ್ಪ ಹೊತ್ತು ನಡೆದಿತ್ತು ಎಂಬುದೆಲ್ಲ ನಿಮಗೆ ತಿಳಿದುಹೋಯಿತು. ಅವು ನಾಳೆ ಏನು ಮಾಡುತ್ತವೆ ಎಂದು ಕೇಳಿದರೆ ‘ಬಿಳುಂಕುತ್ತವೆ’ ಎಂದು ಉತ್ತರಿಸುತ್ತೀರಿ. ಎರಡು ಹೋಗಿ ಒಂದೇ ಉಳಿದರೆ ‘ತೊಪಿಲೆ’ ಎನ್ನುತ್ತೀರಿ. ಪದಗಳ ಅರ್ಥ ತೆಗೆದುಹಾಕಿದ ಮೇಲೂ ವ್ಯಾಕರಣ ಎಲುಬಿನ ಗೂಡಿನಂತೆ ನಿಂತೇ ಇರುತ್ತದೆ. ಅಸಂಬದ್ಧ ಪದ್ಯ ಆ ಗೂಡನ್ನು ಮುರಿಯುವುದಿಲ್ಲ, ಕಣ್ಣಿಗೆ ಕಾಣುವಂತೆ ಮಾಡುತ್ತದೆ.

ಇದು ಕವಿಗಳ ಊಹೆಯಷ್ಟೇ ಅಲ್ಲ. 1958ರಲ್ಲಿ ಅಮೆರಿಕದ ಜೀನ್ ಬರ್ಕೊ ಎಂಬ ಭಾಷಾವಿಜ್ಞಾನಿ ಪುಟ್ಟ ಮಕ್ಕಳ ಮುಂದೆ ಹಕ್ಕಿಯಂಥ ಒಂದು ಕಲ್ಪಿತ ಪ್ರಾಣಿಯ ಚಿತ್ರವಿಟ್ಟು, ‘ಇದು ವಗ್’ ಎಂದರು. ಇನ್ನೊಂದನ್ನು ಸೇರಿಸಿ, ಈಗ ಎರಡಾದವು, ಇವೇನು ಎಂದು ಕೇಳಿದರು. ಹಿಂದೆಂದೂ ಕೇಳದ ಪದಕ್ಕೆ ಮಕ್ಕಳು ಸರಿಯಾದ ಬಹುವಚನ ಹಚ್ಚಿ ‘ವಗ್ಸ್’ ಎಂದರು. ಮಗು ಭಾಷೆಯನ್ನು ಗಿಳಿಪಾಠ ಮಾಡಿ ಕಲಿಯುವುದಿಲ್ಲ, ನಿಯಮ ಕಂಡುಕೊಂಡು ಕಲಿಯುತ್ತದೆ ಎಂಬುದಕ್ಕೆ ಈ ಪ್ರಯೋಗ ಪಠ್ಯಪುಸ್ತಕದ ಉದಾಹರಣೆಯಾಯಿತು. ಅದಕ್ಕೆ ಬೇಕಾದದ್ದೂ ಒಂದು ಅರ್ಥವಿಲ್ಲದ ಪದವೇ ಎಂಬುದು ಗಮನಾರ್ಹ.

ಕಲ್ಕತ್ತದ ಹಾತಿಮಿ

ಈ ಪ್ರಕಾರ ಇಂಗ್ಲಿಷರ ಸ್ವತ್ತೆಂದು ತಿಳಿದವರು ಬಂಗಾಳದ ಕಡೆ ನೋಡಬೇಕು. ಸುಕುಮಾರ್ ರಾಯ್ ಹುಟ್ಟಿದ್ದು 1887ರ ಅಕ್ಟೋಬರ್ 30ರಂದು ಕಲ್ಕತ್ತದಲ್ಲಿ. ನಾವಿಂದು ಅವರನ್ನು ಚಿತ್ರ ನಿರ್ದೇಶಕ ಸತ್ಯಜಿತ್ ರಾಯ್ ಅವರ ತಂದೆಯೆಂದು ಗುರುತಿಸುತ್ತೇವೆ; ಬಂಗಾಳಿ ಮನೆಗಳಲ್ಲಿ ಸತ್ಯಜಿತ್ ಅವರನ್ನು ಸುಕುಮಾರರ ಮಗನೆಂದು ಗುರುತಿಸುವವರು ಬಹುಕಾಲ ಇದ್ದರು. ತಂದೆ ಉಪೇಂದ್ರಕಿಶೋರ ರಾಯ್ ಚೌಧುರಿ ಮಕ್ಕಳ ಕಥೆಗಾರ, ಚಿತ್ರಕಾರ. ಜೊತೆಗೆ ಫೋಟೊಗಳನ್ನು ಅಚ್ಚಿಗಿಳಿಸುವ ಹಾಫ್‌ಟೋನ್ ಮುದ್ರಣದಲ್ಲಿ ಹೊಸ ಶೋಧನೆ ಮಾಡಿದವರು.

ಸುಕುಮಾರ್ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ್ದು ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ, ಎರಡರಲ್ಲೂ ಆನರ್ಸ್. ಅಲ್ಲೇ ಗೆಳೆಯರನ್ನು ಕಟ್ಟಿಕೊಂಡು ‘ನಾನ್‌ಸೆನ್ಸ್ ಕ್ಲಬ್’ ನಡೆಸಿದರು. ಅದರ ಕೈಬರಹದ ಪತ್ರಿಕೆಯ ಹೆಸರಿನ ಅರ್ಥ ‘ಮೂವತ್ತೆರಡೂವರೆ ಕರಿದ ತಿಂಡಿ’ ಎಂದು! 1911ರಲ್ಲಿ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೋಗಿ, ಲಂಡನ್ ಮತ್ತು ಮ್ಯಾಂಚೆಸ್ಟರ್‌ಗಳಲ್ಲಿ ಮುದ್ರಣ ತಂತ್ರವನ್ನು ಅಭ್ಯಾಸ ಮಾಡಿದರು. 1913ರಲ್ಲಿ ಅವರು ಮರಳುವ ಹೊತ್ತಿಗೆ ತಂದೆ ‘ಸಂದೇಶ್’ ಎಂಬ ಮಕ್ಕಳ ಮಾಸಿಕ ಆರಂಭಿಸಿದ್ದರು. ಸಂದೇಶ್ ಎಂದರೆ ಸುದ್ದಿಯೂ ಹೌದು, ಬಂಗಾಳದ ಹೆಸರಾಂತ ಸಿಹಿತಿಂಡಿಯೂ ಹೌದು. 1915ರಲ್ಲಿ ತಂದೆ ತೀರಿಕೊಂಡಾಗ ಪತ್ರಿಕೆಯ ಹೊಣೆ ಮಗನ ಹೆಗಲಿಗೆ ಬಂತು.

ಆ ಪತ್ರಿಕೆಯ ಪುಟಗಳಲ್ಲಿ ಸುಕುಮಾರರ ಪ್ರಾಣಿಗಳು ಹುಟ್ಟಿದವು. ‘ಖಿಚಡಿ’ ಎಂಬ ಪದ್ಯದಲ್ಲಿ ಅವರು ಎರಡು ಪ್ರಾಣಿಗಳನ್ನು ಬೆಸೆದುಬಿಟ್ಟರು. ಬಂಗಾಳಿಯಲ್ಲಿ ‘ಹಾತಿ’ ಎಂದರೆ ಆನೆ, ‘ತಿಮಿ’ ಎಂದರೆ ತಿಮಿಂಗಿಲ. ಆನೆಯ ಬಾಲದ ‘ತಿ’ಯೂ ತಿಮಿಂಗಿಲದ ತಲೆಯ ‘ತಿ’ಯೂ ಒಂದೇ ಆದ್ದರಿಂದ ಎರಡೂ ಸೇರಿ ‘ಹಾತಿಮಿ’. ಹಾಗೆಯೇ ಬಕ ಮತ್ತು ಕಚ್ಛಪ, ಅಂದರೆ ಕೊಕ್ಕರೆ ಮತ್ತು ಆಮೆ, ಸೇರಿ ‘ಬಕಚ್ಛಪ’. ಪ್ರತಿಯೊಂದಕ್ಕೂ ಅವರೇ ಬರೆದ ಚಿತ್ರ, ಪ್ರಾಣಿಶಾಸ್ತ್ರದ ಪುಸ್ತಕದಲ್ಲಿರುವಷ್ಟೇ ಗಂಭೀರವಾಗಿ.

ಇದನ್ನು ಕನ್ನಡಕ್ಕೆ ಅನುವಾದಿಸಲು ಹೊರಟರೆ ‘ಆನೆ-ತಿಮಿಂಗಿಲ’ ಎಂದಾಗಿ ಸಪ್ಪೆಯಾಗುತ್ತದೆ; ಬೆಸುಗೆ ಬಿಟ್ಟುಹೋಗುತ್ತದೆ. ಅನುವಾದದ ಬದಲು ನಮ್ಮದೇ ಕಾಡಿನಲ್ಲಿ ಹುಡುಕಿದರೆ ಕೋತಿ ಮತ್ತು ತಿಮಿಂಗಿಲ ಸೇರಿ ‘ಕೋತಿಮಿಂಗಿಲ’ ಸಿಗುತ್ತದೆ. ಜಿಂಕೆಯೂ ಕೆಂಬೂತವೂ ಸೇರಿ ‘ಜಿಂಕೆಂಬೂತ’. ಬೆಕ್ಕು, ಕುರಿ ಸೇರಿ ‘ಬೆಕ್ಕುರಿ’. ಲೋಪ, ಆಗಮ, ಆದೇಶಗಳ ಪಟ್ಟಿಯಲ್ಲಿ ಇಲ್ಲದ ಈ ಸಂಧಿಯನ್ನು ಹತ್ತು ವರ್ಷದ ಮಗುವಿಗೆ ಒಮ್ಮೆ ತೋರಿಸಿದರೆ ಸಾಕು, ಸಂಜೆಯೊಳಗೆ ಅದು ಇನ್ನೂ ನಾಲ್ಕು ಪ್ರಾಣಿಗಳನ್ನು ಹಿಡಿದು ತರುತ್ತದೆ. ಅಸಂಬದ್ಧ ಪದ್ಯ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವುದು ಹೀಗೆ. ಪದಗಳು ದಾಟುವುದಿಲ್ಲ, ಆಟ ದಾಟುತ್ತದೆ.

ಸುಕುಮಾರರ ಲೋಕದಲ್ಲಿ ಪ್ರಾಣಿಗಳಿಗಿಂತ ಮನುಷ್ಯರೇ ವಿಚಿತ್ರ. ಕಚೇರಿಯಲ್ಲಿ ತೂಕಡಿಸುತ್ತಿದ್ದ ಹೆಡ್ ಗುಮಾಸ್ತ ಎದ್ದು ತನ್ನ ಮೀಸೆ ಕಳುವಾಯಿತೆಂದು ಬೊಬ್ಬೆ ಹಾಕುತ್ತಾನೆ. ನಗುವುದೇ ನಿಷಿದ್ಧವಾದ ಒಂದು ಸಂತಾನವಿದೆ. ಎಲ್ಲಿ ನಗು ಬಂದುಬಿಡುತ್ತದೋ ಎಂದು ಸದಾ ಭಯ. ಇನ್ನೊಂದು ಪದ್ಯದಲ್ಲಿ ಶಿವಠಾಕೂರನ ಊರಿನ ಕಾನೂನುಗಳಿವೆ. ಅಲ್ಲಿ ಕಾಲುಜಾರಿ ಬಿದ್ದರೆ ಇಪ್ಪತ್ತೊಂದು ರೂಪಾಯಿ ದಂಡ. ಸಂಜೆ ಆರಕ್ಕೆ ಮುಂಚೆ ಸೀನಬೇಕಾದರೆ ಟಿಕೆಟ್ ತೆಗೆಯಬೇಕು. ಪದ್ಯ ಬರೆಯುವವರನ್ನು ಪಂಜರದಲ್ಲಿಟ್ಟು ಕಿವಿಯ ಹತ್ತಿರ ಮಗ್ಗಿ ಹೇಳಿಸುತ್ತಾರೆ, ಕಿರಾಣಿ ಅಂಗಡಿಯ ಲೆಕ್ಕ ಬರೆಸುತ್ತಾರೆ. ರೌಲತ್ ಕಾಯ್ದೆಯನ್ನು ಕಂಡಿದ್ದ ಕಾಲದ ಓದುಗರು ಇದನ್ನು ಬರೀ ಮಕ್ಕಳ ತಮಾಷೆಯೆಂದು ಓದಿರಲಾರರು. ಆದರೆ ಪದ್ಯದಲ್ಲಿ ಸರ್ಕಾರದ ಹೆಸರಿಲ್ಲ, ಟೀಕೆಯ ದನಿಯಿಲ್ಲ. ಆದ್ದರಿಂದಲೇ ಕಾಯ್ದೆಗಳು ಹೋದ ಮೇಲೂ ಪದ್ಯ ಉಳಿಯಿತು. ಅಂಥ ಕಾನೂನು ಮಾಡುವವರು ಎಲ್ಲ ಕಾಲದಲ್ಲೂ ಸಿಗುತ್ತಾರೆ.

ಅವರ ಗದ್ಯಕಥೆ ‘ಹಜಬರಲ’ದಲ್ಲಿ ಕರವಸ್ತ್ರ ಬೆಕ್ಕಾಗುತ್ತದೆ, ಕಾಗೆ ಲೆಕ್ಕಪತ್ರ ನೋಡುತ್ತದೆ. ಅಲ್ಲಿ ವಯಸ್ಸು ನಲವತ್ತಕ್ಕೆ ಬಂದ ಕೂಡಲೇ ಹಿಂದಕ್ಕೆ ತಿರುಗಿಸಿಬಿಡುತ್ತಾರೆ, ಯಾರೂ ಮುದುಕರಾಗಬೇಕಿಲ್ಲ! ಪಾಣಿನಿಯ ವ್ಯಾಕರಣ ಓದಿದವರಿಗೆ ಅದರ ಆರಂಭದ ಅಕ್ಷರಮಾಲೆಯಲ್ಲಿ ಹ, ಯ, ವ, ರ, ಲ ಬರುವ ಕ್ರಮ ನೆನಪಿರುತ್ತದೆ. ಬಂಗಾಳಿ ನಾಲಗೆಯಲ್ಲಿ ‘ಯ’ಕಾರ ‘ಜ’ ಆಗುತ್ತದೆ, ‘ವ’ಕಾರ ‘ಬ’ ಆಗುತ್ತದೆ. ಶಾಸ್ತ್ರದ ಅಕ್ಷರಕ್ರಮವೇ ಆ ಭಾಷೆಯಲ್ಲಿ ‘ಕಲಸುಮೇಲೋಗರ’ ಎಂಬ ಅರ್ಥ ಪಡೆದಿದೆ.

1921ರಲ್ಲಿ ಮಗ ಸತ್ಯಜಿತ್ ಹುಟ್ಟಿದ ವರ್ಷವೇ ಸುಕುಮಾರರಿಗೆ ಕಾಲಾ ಅಜಾರ್ ಜ್ವರ ತಗುಲಿತು. ಆಗ ಅದಕ್ಕೆ ನಂಬಬಹುದಾದ ಚಿಕಿತ್ಸೆ ಇರಲಿಲ್ಲ. ಅದೇ ಕಲ್ಕತ್ತದಲ್ಲಿ ಉಪೇಂದ್ರನಾಥ ಬ್ರಹ್ಮಚಾರಿ ಎಂಬ ವೈದ್ಯವಿಜ್ಞಾನಿ ಯೂರಿಯಾ ಸ್ಟಿಬಮಿನ್ ಎಂಬ ಔಷಧವನ್ನು ಸಿದ್ಧಪಡಿಸಿ, 1922ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಮುಂದೆ ಅದು ಅಸಂಖ್ಯ ಜೀವಗಳನ್ನು ಉಳಿಸಿತು. ಸುಕುಮಾರರನ್ನು ಮಾತ್ರ ಉಳಿಸಲಿಲ್ಲ. ಎರಡೂವರೆ ವರ್ಷ ಅವರು ಹಾಸಿಗೆಯಲ್ಲೇ ಬರೆದರು, ಚಿತ್ರ ಹಾಕಿದರು, ‘ಆಬೋಲ್ ತಾಬೋಲ್’ ಸಂಗ್ರಹದ ಪುಟವಿನ್ಯಾಸ ಮಾಡಿದರು. ರವೀಂದ್ರನಾಥ ಠಾಕೂರರು ಬಂದು ಹಾಸಿಗೆಯ ಬಳಿ ಕುಳಿತು ಹಾಡಿದರು. 1923ರ ಸೆಪ್ಟೆಂಬರ್ 10ರಂದು, ಮೂವತ್ತಾರು ತುಂಬುವ ಮೊದಲೇ, ಸುಕುಮಾರ್ ತೀರಿಕೊಂಡರು. ಒಂಬತ್ತು ದಿನಗಳ ಮೇಲೆ, ಸೆಪ್ಟೆಂಬರ್ 19ರಂದು, ಪುಸ್ತಕ ಹೊರಬಂತು.

ಆ ಪುಸ್ತಕದ ಆರಂಭದಲ್ಲಿ ಅವರು ಇದು ‘ಖೇಯಾಲ ರಸ’ದ ಕೃತಿ, ಆ ರಸ ಹಿಡಿಸದವರಿಗಲ್ಲ ಎಂಬರ್ಥದ ಮಾತು ಹೇಳಿದ್ದಾರೆ. ಭರತನ ರಸಗಳ ಪಟ್ಟಿಗೆ ಜ್ವರದಲ್ಲಿ ಮಲಗಿದ್ದ ಕವಿಯೊಬ್ಬ ನಗುತ್ತಾ ಸೇರಿಸಿದ ಹೊಸ ರಸ ಅದು. 2023ಕ್ಕೆ ಪುಸ್ತಕಕ್ಕೆ ನೂರು ತುಂಬಿತು. ಸತ್ಯಜಿತ್ ರಾಯ್ ಅವರೇ ಅದರ ಕೆಲವು ಪದ್ಯಗಳನ್ನು ಇಂಗ್ಲಿಷಿಗೆ ತಂದರು, 1961ರಲ್ಲಿ ‘ಸಂದೇಶ್’ ಪತ್ರಿಕೆಯನ್ನು ಮತ್ತೆ ಆರಂಭಿಸಿದರು, 1987ರಲ್ಲಿ ತಂದೆಯ ಮೇಲೆ ಸಾಕ್ಷ್ಯಚಿತ್ರ ಮಾಡಿದರು. ಎರಡೂವರೆ ವರ್ಷದ ಮಗನಿಗೆ ತಂದೆಯ ಮುಖದ ನೆನಪು ಎಷ್ಟಿದ್ದೀತು? ಆತನಿಗೆ ತಂದೆ ಸಿಕ್ಕಿದ್ದು ಬಹುಮಟ್ಟಿಗೆ ಈ ಪದ್ಯಗಳಲ್ಲೇ.

ಮೊಸಳೆಗೆ ಬಂದ ಕಷ್ಟ

ಇಷ್ಟೊಂದು ನಿರುಪದ್ರವಿಯಾದ ಸಾಹಿತ್ಯವನ್ನು ಯಾರಾದರೂ ದ್ವೇಷಿಸಬಹುದೇ? ರಷ್ಯಾದ ಉದಾಹರಣೆ ನೋಡಿ. ಕೊರ್ನೇಯ್ ಚುಕೋವ್ಸ್ಕಿ ಅಲ್ಲಿನ ಜನಪ್ರಿಯ ಮಕ್ಕಳ ಕವಿ. ಪೆಟ್ರೊಗ್ರಾಡ್ ನಗರದ ಬೀದಿಯಲ್ಲಿ ಸಿಗರೇಟು ಸೇದುತ್ತಾ ಅಡ್ಡಾಡುವ ಮೊಸಳೆಯ ಕಥೆಯನ್ನು ಆತ ಪದ್ಯದಲ್ಲಿ ಬರೆದಿದ್ದ. 1928ರಲ್ಲಿ ಲೆನಿನ್‌ನ ಪತ್ನಿ ಕ್ರೂಪ್ಸ್ಕಾಯಾ ‘ಪ್ರಾವ್ದಾ’ ಪತ್ರಿಕೆಯಲ್ಲಿ ಅದನ್ನು ಖಂಡಿಸಿದರು. ಮೊಸಳೆಯ ಬಗ್ಗೆ ನಿಜವಾದ ತಿಳಿವಳಿಕೆ ಕೊಡುವ ಬದಲು ಮಕ್ಕಳಿಗೆ ಅಸಂಬದ್ಧ ಹೇಳುವುದೇ ಎಂಬುದು ಅವರ ಆಕ್ಷೇಪ. ಮ್ಯಾಕ್ಸಿಂ ಗಾರ್ಕಿ ಕವಿಯ ಪರ ನಿಂತರೂ ವಿವಾದ ಬೇಗ ತಣ್ಣಗಾಗಲಿಲ್ಲ.

ಚುಕೋವ್ಸ್ಕಿ ಕೊಟ್ಟ ಉತ್ತರ ಮಕ್ಕಳನ್ನು ಬಲ್ಲವರೆಲ್ಲ ಒಪ್ಪುವಂಥದು. ಆತನ ಪುಟ್ಟ ಮಗಳು, ಇನ್ನೂ ಎರಡು ವರ್ಷ ತುಂಬಿರದವಳು, ಒಂದು ದಿನ ಓಡಿಬಂದು ನಾಯಿ ‘ಮ್ಯಾಂವ್’ ಎನ್ನುತ್ತದೆ ಎಂದು ಸಾರಿ ನಕ್ಕಳಂತೆ. ಅವಳಿಗೆ ತಪ್ಪು ತಿಳಿವಳಿಕೆಯಾಗಿತ್ತೇ? ಇಲ್ಲ. ನಾಯಿ ಬೊಗಳುತ್ತದೆ ಎಂಬುದು ಖಚಿತವಾಗಿ ಗೊತ್ತಾದ ದಿನವೇ ಅದನ್ನು ತಲೆಕೆಳಗು ಮಾಡುವ ಸಂತೋಷ ಅವಳಿಗೆ ಸಿಕ್ಕಿತು. ಲೋಕದ ಕ್ರಮ ತಿಳಿಯದ ಮಗುವಿಗೆ ಅಸಂಬದ್ಧ ಪದ್ಯ ನಗು ತರಿಸುವುದಿಲ್ಲ. ನಗು ಬಂದಿತೆಂದರೆ ಮಗು ಪಾಠ ಕಲಿತಿದೆ ಎಂದೇ ಅರ್ಥ.

ಚುಕೋವ್ಸ್ಕಿ ಹೇಗೋ ಬದುಕಿಕೊಂಡ. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಲೆನಿನ್‌ಗ್ರಾಡಿನ ಡೇನಿಯಲ್ ಖಾರ್ಮ್ಸ್ ಮಕ್ಕಳ ಪತ್ರಿಕೆಗಳಿಗೆ ವಿನೋದದ ಪದ್ಯ ಬರೆಯುತ್ತಿದ್ದ. 1931ರ ಡಿಸೆಂಬರ್‌ನಲ್ಲಿ ಆತನನ್ನೂ ಗೆಳೆಯ ಅಲೆಕ್ಸಾಂಡರ್ ವ್ವೆದೆನ್ಸ್ಕಿಯನ್ನೂ ಬಂಧಿಸಿದರು. ಅರ್ಥವಿಲ್ಲದ ಕವಿತೆಯಿಂದ ಜನರ ಮನಸ್ಸನ್ನು ಸಮಾಜವಾದ ಕಟ್ಟುವ ಕೆಲಸದಿಂದ ಬೇರೆಡೆಗೆ ಸೆಳೆಯುತ್ತಿದ್ದಾರೆ ಎಂಬುದು ಆರೋಪಗಳಲ್ಲೊಂದು. ಗಡೀಪಾರು ಮುಗಿಸಿ ಬಂದ ಖಾರ್ಮ್ಸ್‌ನನ್ನು 1941ರಲ್ಲಿ ಮತ್ತೆ ಹಿಡಿದರು. ಜರ್ಮನ್ ಮುತ್ತಿಗೆಯಿಂದ ನಗರ ಹಸಿದು ಸಾಯುತ್ತಿದ್ದ 1942ರ ಫೆಬ್ರುವರಿಯಲ್ಲಿ ಆತ ಸೆರೆಮನೆಯ ಆಸ್ಪತ್ರೆಯಲ್ಲಿ ಸತ್ತ. ಎಲ್ಲ ಮಾತಿಗೂ ಒಂದೇ ಅರ್ಥವಿರಬೇಕು, ಆ ಅರ್ಥವನ್ನು ತಾನೇ ಹೇಳಬೇಕು ಎನ್ನುವ ಅಧಿಕಾರಕ್ಕೆ ಅರ್ಥವಿಲ್ಲದ ಮಾತು ತೀರ ಅಪಾಯಕಾರಿ.

ನಮ್ಮ ಅಂಗಳದಲ್ಲಿ

ಕನ್ನಡದಲ್ಲಿ ಈ ರಸ 19ನೆಯ ಶತಮಾನದಲ್ಲಿ ಹಡಗಿನಿಂದ ಇಳಿದದ್ದೇನಲ್ಲ. ಅಂಗೈ ಕೆಳಗೆ ಮಾಡಿ ಸುತ್ತ ಕುಳಿತ ಮಕ್ಕಳ ಕೈಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೇಳುವ ಎಣಿಕೆಯ ಹಾಡುಗಳು, ಬೆರಳು ಮಡಿಸುವ ಹಾಡುಗಳು, ಮಗುವನ್ನು ತೊಡೆಯ ಮೇಲೆ ಕುಣಿಸುವ ಹಾಡುಗಳು ಊರೂರಲ್ಲೂ ಇದ್ದವು. ಅವುಗಳಲ್ಲಿ ಒಂದು ಪದಕ್ಕೆ ಅರ್ಥವಿದ್ದರೆ ಮುಂದಿನದು ಬರೀ ಪ್ರಾಸಕ್ಕಾಗಿ ಬಂದಿರುತ್ತದೆ. ಅವನ್ನು ಕಟ್ಟಿದವರ ಹೆಸರು ಯಾರಿಗೂ ತಿಳಿಯದು. ಏಳು ವರ್ಷದ ಮಗು ಐದು ವರ್ಷದ ಮಗುವಿಗೆ ಹೇಳಿಕೊಟ್ಟು, ಹಾಗೇ ದಾಟಿ ಬಂದ ಆಸ್ತಿ ಅದು.

ಇಲ್ಲಿ ಒಂದು ಭೇದ ಗಮನಿಸಬೇಕು. ಅಲ್ಲಮಪ್ರಭುವಿನ ಬೆಡಗಿನ ವಚನಗಳು, ದಾಸರ ಮುಂಡಿಗೆಗಳು, ಉತ್ತರದ ಕಬೀರನ ಉಲಟ್‌ಬಾಂಸಿಗಳು ಮೇಲ್ನೋಟಕ್ಕೆ ಅಸಂಬದ್ಧವೆಂದೇ ತೋರುತ್ತವೆ. ಆದರೆ ಅವು ಬೀಗ ಹಾಕಿದ ಪೆಟ್ಟಿಗೆಗಳು, ಒಳಗೆ ಅನುಭಾವದ ಗಂಟಿದೆ. ಬೀಗ ತೆರೆಯಲೆಂದೇ ಟೀಕೆಗಳು ಹುಟ್ಟಿವೆ. ಒಗಟಿಗೂ ಉತ್ತರವೆಂಬ ಕೀಲಿಕೈ ಇರುತ್ತದೆ. ಮಕ್ಕಳ ಆಟದ ಹಾಡಿಗೆ ಬೀಗವೂ ಇಲ್ಲ, ಕೀಲಿಕೈಯೂ ಇಲ್ಲ. ಅದರ ಪೆಟ್ಟಿಗೆಯೇ ಆಟದ ಸಾಮಾನು.

ಅಚ್ಚಿನ ಲೋಕಕ್ಕೆ ಬಂದರೆ ಮೊದಲು ನೆನೆಯಬೇಕಾದವರು ಪಂಜೆ ಮಂಗೇಶರಾಯರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿ, ಶಾಲೆಗಳ ಇನ್‌ಸ್ಪೆಕ್ಟರಾಗಿ ಊರೂರು ತಿರುಗಿದ ಅವರು ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದರು. ಹಾವಿನ ಚಲನೆ, ಗಾಳಿಯ ರಭಸ ಅವರ ಪದ್ಯಗಳಲ್ಲಿ ಅರ್ಥಕ್ಕಿಂತ ಮೊದಲು ಸದ್ದಾಗಿ ಕಿವಿಗೆ ಬೀಳುತ್ತವೆ. ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಮೂಲೆಗೆ ಸರಿಸಿದ ‘ಧಡಧಡ’, ‘ಪಟಪಟ’ಗಳಿಗೆ ಕಾವ್ಯದಲ್ಲಿ ಪೀಠ ಸಿಕ್ಕಿತು. ಬಳಿಕ ಜಿ.ಪಿ. ರಾಜರತ್ನಂ ‘ತುತ್ತೂರಿ’, ‘ಕಡಲೆಪುರಿ’ ಸಂಗ್ರಹಗಳಲ್ಲಿ ಮಗು ಆಡುವ ಚಿಕ್ಕ ವಾಕ್ಯಗಳನ್ನೇ ಪದ್ಯ ಮಾಡಿದರು. ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಇಲಿಗಳ ಕಥನಪದ್ಯವನ್ನು ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿಸಿದಾಗ ಇಲಿಗಳ ಪಟ್ಟಿಯೇ ಒಂದು ಹಬ್ಬವಾಯಿತು. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಕೈಲಾಸಂ ಕಾಗುಣಿತವನ್ನೇ ಹಾಸ್ಯದ ಹಾಡಾಗಿಸಿದರು. ಆಲಿಸ್ ಕನ್ನಡಕ್ಕೆ ಬಂದದ್ದು ನಾ. ಕಸ್ತೂರಿ ಅವರ ಕೈಯಲ್ಲಿ, ‘ಪಾತಾಳದಲ್ಲಿ ಪಾಪಚ್ಚಿ’ಯಾಗಿ. ಪದಗಳ ಅರ್ಥ ಕೆಡಿಸುವುದಕ್ಕೆಂದೇ ‘ಅನರ್ಥಕೋಶ’ ಬರೆದ ಈ ಕಸ್ತೂರಿಯವರ ಮನೆಮಾತು ಮಲಯಾಳಂ! ಕಲಿತ ಭಾಷೆಯಲ್ಲಿ ಹೀಗೆ ಆಟವಾಡಬಲ್ಲವರು ಅದನ್ನು ಎಷ್ಟು ಒಲಿಸಿಕೊಂಡಿರಬೇಕು.

ಇಷ್ಟಿದ್ದರೂ ಅಪ್ಪಟ ಅಸಂಬದ್ಧ ಪದ್ಯ ನಮ್ಮಲ್ಲಿ ಕಡಿಮೆಯೇ. ಪದ್ಯದ ಕೊನೆಗೆ ಒಂದು ನೀತಿ ಇರಲಿ ಎಂಬ ಆಸೆಯನ್ನು ನಮ್ಮ ಕವಿಗಳಿಗಿಂತ ಹೆಚ್ಚಾಗಿ ನಮ್ಮ ಪಠ್ಯಪುಸ್ತಕಗಳು ಬಿಡಲಿಲ್ಲ. ಈಗಿನ ತೊಂದರೆ ಇನ್ನೊಂದು ಬಗೆಯದು. ಕನ್ನಡ ಮನೆಮಾತಿನ ಎಷ್ಟೋ ಮಕ್ಕಳು ಶಿಶುವಿಹಾರದಲ್ಲಿ ಮೊದಲು ಕಲಿಯುವುದು ಇಂಗ್ಲಿಷ್ ಶಿಶುಪ್ರಾಸಗಳನ್ನು. ಅವೂ ಸೊಗಸಾದವೇ. ಆದರೆ ಭಾಷೆಯೇ ಬಾರದ ಮಗುವಿಗೆ ಅದರ ಎಲ್ಲ ಪದಗಳೂ ಅರ್ಥಹೀನ. ಯಾವುದು ಸರಿ, ಯಾವುದು ತಲೆಕೆಳಗು ಎಂದು ಅದಕ್ಕೆ ತಿಳಿಯದು. ಚುಕೋವ್ಸ್ಕಿಯ ಮಗಳ ನಗು ಅಲ್ಲಿ ಹುಟ್ಟುವುದಿಲ್ಲ. ತಪ್ಪು ಮಾಡಿ ನಗುವ ಸ್ವಾತಂತ್ರ್ಯ ಮಗುವಿಗೆ ಸಿಗುವುದು ತಾನು ಬಲ್ಲ ಭಾಷೆಯಲ್ಲಿ. ಆ ವಯಸ್ಸಿನಲ್ಲಿ ಕನ್ನಡದೊಡನೆ ಆಡದ ಮಗುವಿಗೆ ಮುಂದೆ ಕನ್ನಡವೆಂದರೆ ಅಂಕ ತಂದುಕೊಡುವ ಒಂದು ವಿಷಯವಷ್ಟೇ ಆಗುತ್ತದೆ. ಭಾಷೆ ಉಳಿಸಬೇಕೆಂದು ಹೇಳುವವರು ಘೋಷಣೆಗಳ ಜೊತೆ ಈ ಆಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ. ಅಜ್ಜಿಗೆ ನೆನಪಿರುವ ಎಣಿಕೆಯ ಹಾಡನ್ನು ಅರ್ಥ ಕೇಳದೆ ಮೊಮ್ಮಗಳಿಗೆ ದಾಟಿಸಿದರೆ ಆಯಿತು. ಆ ಹುಡುಗಿ ಒಂದು ದಿನ ಶಾಲೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮರದಿಂದ ಮರಕ್ಕೆ ಹಾರುವ ಕೋತಿಮಿಂಗಿಲದ ಚಿತ್ರ ಬರೆದು ತಂದರೆ, ಇಂಥ ಪ್ರಾಣಿ ಇಲ್ಲ ಎಂದು ತಿದ್ದಬಾರದು. ಅದು ಏನು ತಿನ್ನುತ್ತದೆ ಎಂದು ಕೇಳಬೇಕು.